ಹಿಂದಿನ ಸೀಟಿನ ಎಡಗಡೆ

ನನ್ನ ನಾಲಿಗೆ ಸ್ವಲ್ಪ ಉದ್ದ. ಯಾರನ್ನಾದರೂ ರೇಗಿಸದೆ ಎರಡು ಮೈಲಿ ಗಾಡಿ ಓಡಿಸುವುದು ನನ್ನಿಂದಾಗದ ಕೆಲಸ. ಪ್ರತಿ ಭಾನುವಾರ ನಾನು, ಹೆಂಡತಿ ಇಬ್ಬರೂ ರಾಮಮೂರ್ತಿ ನಗರದಿಂದ ಹೊರಟು, ಜೋಗುಪಾಳ್ಯದಲ್ಲಿ ನನ್ನ ಅಕ್ಕನನ್ನು ಹತ್ತಿಸಿಕೊಂಡು ಶಿವಾಜಿನಗರಕ್ಕೆ ಮಾಂಸ, ತರಕಾರಿ ತರಲು ಹೋಗುತ್ತಿದ್ದೆವು. ಅಕ್ಕ ಕೂರುತ್ತಿದ್ದದ್ದು ಕಾರಿನ ಹಿಂದಿನ ಸೀಟಿನ ಎಡಗಡೆ. ಅವಳು ದಪ್ಪ. ಅವಳು ಹತ್ತಿದ ಮೇಲೆ ರಸ್ತೆಯ ಪ್ರತಿ ಹಂಪಿಗೂ ಹಿಂದಿನಿಂದ ಧಡ್ ಎಂಬ ಸದ್ದು.

"ಅಕ್ಕಾ, ಹಂಪ್ ಬಂತು. ಸ್ವಲ್ಪ ಎದ್ದೇಳು, ಗಾಡಿ ಉಸಿರಾಡ್ಲಿ" ಎನ್ನುತ್ತಿದ್ದೆ. ಹೆಂಡತಿ ನಗು ತಡೆಯಲಾರದೆ ಕಿಟಕಿ ಕಡೆ ತಿರುಗುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಒಂದು ಭಾನುವಾರ ಅಕ್ಕ ಫೋನಿನಲ್ಲಿ, "ನೀವು ಹೋಗ್ಬನ್ನಿ, ನಾನು ಬಸ್ಸಲ್ಲೇ ಹೋಗ್ತೀನಿ" ಅಂದಳು. ಮುಂದಿನ ವಾರವೂ ಅದೇ ಮಾತು. ಮೂರು ತಿಂಗಳು ಅವಳು ನಮ್ಮ ಗಾಡಿ ಹತ್ತಲಿಲ್ಲ. ಅಪ್ಪ, ಅಮ್ಮ ಹೋದ ಮೇಲೆ ನನ್ನನ್ನು 'ಲೋ' ಎಂದು ಕರೆಯಲು ಉಳಿದವಳು ಅವಳೊಬ್ಬಳೇ. ಅವಳು ಹೀಗೇ ದೂರವಾಗಿಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು. ತಪ್ಪಾಯಿತು ಅನ್ನಲು ಮಾತ್ರ ಇದೇ ಉದ್ದ ನಾಲಿಗೆ ಏಳುತ್ತಿರಲಿಲ್ಲ.

ಆಮೇಲೊಂದು ದಿನ ಎರಡು ಮೂಟೆ ಅಕ್ಕಿ ಹಾಕಿಕೊಂಡು ಬರುವಾಗ ಅದೇ ಧಡ್. ಗಾಡಿಯಲ್ಲಿ ಅಕ್ಕ ಇರಲಿಲ್ಲ. ನೇರ ಶಿವಾಜಿನಗರದ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದ ಮನುಷ್ಯ. ಎರಡು ಕೈಯಲ್ಲಿ ಡಿಕ್ಕಿಯನ್ನು ಒತ್ತಿ ಬಿಟ್ಟರು. ಗಾಡಿ ನಾಲ್ಕು ಸಲ ಕುಣಿಯಿತು.

"ಗಾಡಿ ಒಂದ್ಸಲ ಎದ್ದು ನಿಂತ್ಬಿಡ್ಬೇಕು ಸಾಬ್, ಹಿಂಗೆ ಕುಣೀಬಾರ್ದು. ನೀವು ಹಿಂದೆ ಕೂತ್ಕೊಳ್ಳಿ, ನಾನ್ ಓಡಿಸ್ತೀನಿ. ಓನರ್ ಯಾವಾಗ್ಲೂ ಮುಂದೇನೇ ಇರ್ತಾರೆ, ಹಿಂದಿನ ಕಷ್ಟ ಗೊತ್ತಾಗಲ್ಲ."

ಎಡಗಡೆಗೇ ಕೂತೆ. ಮೊದಲ ಹಂಪಿಗೇ ಸೊಂಟದಿಂದ ಕತ್ತಿನವರೆಗೆ ಏಟು ಬಿತ್ತು. ಆರು ವರ್ಷದಲ್ಲಿ ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ.

ಗಾಡಿಯನ್ನು ಜಾಕಿಯಿಂದ ಮೇಲೆತ್ತಿ, ಚಕ್ರ ಬಿಚ್ಚಿ ತೋರಿಸಿದರು. ಗುಂಡಿಯ ಏಟು ತಡೆಯುವ ಶಾಕ್ ಅಬ್ಸಾರ್ಬರಿನಿಂದ ಎಣ್ಣೆಯೆಲ್ಲ ಸೋರಿ, ಅದರ ಮೇಲೆ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. "ಸತ್ತು ಎರಡು ವರ್ಷ ಆಗಿರತ್ತೆ. ಇಲ್ಲಿ ಯಾರು ಕೂರೋದು? ಪಾಪ" ಎಂದರು. ಹಳೆಯ ಬೋಲ್ಟು ತುಕ್ಕು ಹಿಡಿದು ಕದಲದೆ, ಎಣ್ಣೆ ಬಿಟ್ಟು ಸುತ್ತಿಗೆಯಿಂದ ತಟ್ಟುತ್ತಾ ಒಂದು ಗಂಟೆ ಹೋಯಿತು. ಬಲಗಡೆಯದನ್ನೂ ಬದಲಿಸಿದರು, ಜೋಡಿಯಾಗಿಯೇ ಹಾಕಬೇಕಂತೆ. ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೆಳಗಿನ ಬೋಲ್ಟುಗಳನ್ನು ಕೊನೆಯ ಸುತ್ತು ಬಿಗಿದರು.

ಭಾನುವಾರ ಅಕ್ಕನ ಬಾಗಿಲಿಗೆ ನಾನೇ ಹೋಗಿ, ಎಲ್ಲ ಹೇಳಿ, ಕೈ ಹಿಡಿದು ಕರೆತಂದೆ. ಹೆಂಡತಿ ಅವಳನ್ನು ಮುಂದೆ ಕೂರಲು ಕರೆದರೂ ಅಕ್ಕ ತನ್ನ ಜಾಗಕ್ಕೇ ಹೋದಳು. ಹಲಸೂರು ಕೆರೆಯ ಹತ್ತಿರ ಹಂಪ್ ಬಂತು. ಸದ್ದಿಲ್ಲ. ಖುಷಿಯಿಂದ ಕನ್ನಡಿ ನೋಡಿದೆ. ಅಕ್ಕ ಮುಂದಿನ ಸೀಟನ್ನು ಎರಡು ಕೈಯಲ್ಲಿ ಹಿಡಿದು, ಅರ್ಧ ಎದ್ದು ನಿಂತಿದ್ದಳು.

"ಕೂತ್ಕೋ ಅಕ್ಕಾ. ತಪ್ಪು ಗಾಡೀದು, ನಿಂದಲ್ಲ" ಎಂದೆ.

"ಗಾಡಿ ಏನ್ಮಾಡ್ತೋ? ಅದಕ್ಕೆ ಬಾಯಿತ್ತಾ?" ಎನ್ನುತ್ತಾ ಕೂತಳು.

ಮುಂದಿನ ಹಂಪಿಗೂ ಎದ್ದಳು.