ಸೆಂಟಮ್ಮನ ಮೂಗಿಗೆ ಸಿಗದವಳು

ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಕೂತು ಹೂವಿನ ಸೆಂಟು ಮಾಡುವ ಹೆಂಗಸಿಗೆ ಬೀದಿಯವರೆಲ್ಲ ಸೇರಿ ಸೆಂಟಮ್ಮ ಎಂದು ಹೆಸರಿಟ್ಟಿದ್ದರು. ಒಬ್ಬರಿಗೆ ಮಾಡಿದ ಸೆಂಟನ್ನು ಅವಳು ಇನ್ನೊಬ್ಬರಿಗೆ ಕೊಟ್ಟವಳಲ್ಲ. ಯಾರಾದರೂ ಬಂದು "ಮಲ್ಲಿಗೇದು ಒಂದು ಬಾಟ್ಲಿ ಕೊಡಿ" ಅಂದರೆ ಸಾಕು, ಕೋಪ ಮೂಗಿನ ತುದಿಗೆ ಬಂದು ಕೂರುತ್ತಿತ್ತು.

"ಮಲ್ಲಿಗೆ ನಿಮಗೆ ಹೊಂದುತ್ತೋ ಇಲ್ವೋ ಅಂತ ಹೇಳೋಳು ನಾನು. ಎರಡು ದಿನ ಹಾಕ್ಕೊಂಡಿರೋ ಬಟ್ಟೆ ತಗೊಂಡ್ಬನ್ನಿ. ಒಗೀಬೇಡಿ ಮತ್ತೆ."

ಆ ಬಟ್ಟೆಯನ್ನು ಅಗಲ ಬಾಯಿಯ ಗಾಜಿನ ಜಾಡಿಗೆ ತುಂಬಿ ಮುಚ್ಚಳ ಹಾಕಿಟ್ಟರೆ, ಮಾರನೆಯ ಬೆಳಿಗ್ಗೆ ಚಹಾ ಕೂಡ ಕುಡಿಯದೆ ತೆಗೆದು ಮೂಸುವಳು. ಬಾಯಿ ಸುಳ್ಳು ಹೇಳೀತು, ಕಾಲರ್ ಹೇಳುವುದಿಲ್ಲ ಎಂಬುದು ಅವಳ ಸಿದ್ಧಾಂತ. ಮೂಸಿದ ಮೇಲೆ ಒಂದು ಚೀಟಿಯಲ್ಲಿ ಆ ಮನುಷ್ಯರ ಗುಣ ಬರೆದು, ಅದಕ್ಕೆ ತಕ್ಕಂತೆ ಹೂವಿನ ಎಣ್ಣೆಗಳನ್ನು ಬೆರೆಸುವಳು. 'ಮೇಲೆ ನಗು, ಒಳಗೆ ಲೆಕ್ಕಾಚಾರ. ಗುಲಾಬಿ ಕಡಿಮೆ, ಕಿತ್ತಳೆ ಹೂ ಜಾಸ್ತಿ.' 'ಪುಕ್ಕಲ, ಆದರೆ ಮಾತಿಗೆ ತಪ್ಪದವನು.' ಮಕ್ಕಳೆಲ್ಲ ನಡುಗುತ್ತಿದ್ದ ಹೆಡ್‌ಮಿಸ್ಸಿಗೆ ಸುಗಂಧರಾಜವನ್ನು ಧಾರಾಳವಾಗಿ ಸುರಿದು ಕೊಟ್ಟಿದ್ದಳು. ಆಯಮ್ಮ ಮೂಸಿ ನೋಡಿ ಕಿವಿಯವರೆಗೂ ಕೆಂಪಾದರು. "ಇದು ಸ್ವಲ್ಪ ಅತಿಯಾಯ್ತು" ಅಂದರು. ಆಮೇಲೆ ದಿನಾ ಹಾಕಿಕೊಂಡೇ ಸ್ಕೂಲಿಗೆ ಹೋದರು.

ಮನೆಯಲ್ಲಿ ಅವಳ ಜೊತೆ ಇದ್ದವಳು ಅಕ್ಕ. ಹನ್ನೆರಡು ವರ್ಷ ದೊಡ್ಡವಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಅಮ್ಮ ತೀರಿಕೊಂಡಾಗ ಸೆಂಟಮ್ಮನಿಗೆ ಆರು ವರ್ಷ. ಅಂದಿನಿಂದ ಉಣ್ಣಿಸಿ, ತಲೆ ಬಾಚಿ, ಓದಿಸಿ, ಈ ಹುಚ್ಚು ಕಸುಬು ಕಲಿಯಲು ಕಳಿಸಿದವಳೂ ಅವಳೇ. ಮದುವೆಯ ಮಾತನ್ನು ಇಬ್ಬರೂ ಎತ್ತಿದವರಲ್ಲ. ಹೀಗಿರುವಾಗ ಐವತ್ತಾರನೆಯ ವಯಸ್ಸಿನಲ್ಲಿ, ಒಂದು ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಅಕ್ಕ ಹೇಳಿದಳು:

"ಮುಂದಿನ ತಿಂಗಳು ನಾನು ಮದುವೆ ಆಗ್ತಿದೀನಿ ಕಣೆ. ನಮ್ಮ ಲಾಂಡ್ರಿ ವ್ಯಾನ್ ಓಡಿಸ್ತಾರಲ್ಲ, ಅವರನ್ನ."

ತಂಗಿ ತಮಾಷೆ ಅಂದುಕೊಂಡು ನಕ್ಕಳು. ಅಕ್ಕ ನಗಲಿಲ್ಲ.

ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಸೆಂಟಮ್ಮನಿಗೆ ನಾಚಿಕೆಯಾಯಿತು. ಊರಿಗೆಲ್ಲ ಸೆಂಟು ಮಾಡಿ ಹಂಚಿದವಳು ಅಕ್ಕನಿಗೊಂದು ತೊಟ್ಟು ಮಾಡಿಕೊಟ್ಟಿರಲಿಲ್ಲ. ಹೋಗುವವಳ ಕೈಯಲ್ಲಿ ಒಂದು ಬಾಟಲಿ ಇಡಲೇಬೇಕು ಎಂದು ಹಟ ಹಿಡಿದಳು. ಅಕ್ಕ ಎರಡು ದಿನ ಹಾಕಿಕೊಂಡಿದ್ದ ಸ್ವೆಟರನ್ನು ಕದ್ದು ಜಾಡಿಗೆ ಹಾಕಿದಳು.

ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿದರೆ ಏನೂ ಇಲ್ಲ. ಸೋಪಿನ ವಾಸನೆ, ಅಷ್ಟೇ.

ಮೂಗೇ ಹೋಯಿತು ಅಂದುಕೊಂಡಳು. ಕೆಳಗಿಳಿದು ಓಡಿ, ಏನು ಎತ್ತ ಎನ್ನದೆ ಟೈಲರನ ಕಾಲರ್ ಹಿಡಿದು ಮೂಸಿದಳು. ಬೀಡಿ, ಸೀಮೆಸುಣ್ಣ, ಹೆಂಡತಿಗೆ ಹೇಳದೆ ಮುಚ್ಚಿಟ್ಟ ಏನೋ ಒಂದು ವಿಷಯ, ಎಲ್ಲವೂ ಸರಿಯಾಗಿಯೇ ಬಂತು. ಮೂಗು ನೆಟ್ಟಗಿತ್ತು. ಅವಳಿಗೆ ಸಿಗದೇ ಇದ್ದವಳು ಅಕ್ಕ ಮಾತ್ರ. ತನ್ನ ಮನೆಯ ವಾಸನೆ ತನ್ನ ಮೂಗಿಗೆ ತಿಳಿಯದು ಎಂದು ಕಸುಬಿನ ಮೊದಲ ದಿನವೇ ಅವಳಿಗೆ ಕಲಿಸಿದ್ದರು. ನಲವತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದ ಅಕ್ಕನೂ ಆ ಲೆಕ್ಕಕ್ಕೆ ಸೇರುತ್ತಾಳೆಂದು ಹೊಳೆದಿರಲಿಲ್ಲ.

ಆಗ ಸೆಂಟಮ್ಮ ಜೀವನದಲ್ಲಿ ಮೊದಲ ಸಲ ಕಸುಬಿಗೆ ಮೋಸ ಮಾಡಿದಳು. ಮೂಸದೆಯೇ ಚೀಟಿ ಬರೆದಳು. 'ಸಾಧು. ತನಗೆಂದು ಏನೂ ಕೇಳುವವಳಲ್ಲ.' ತನ್ನ ಅಕ್ಕ ತನಗೆ ಗೊತ್ತಿಲ್ಲವೇ ಎಂಬ ಧೈರ್ಯ. ಬಿಳಿ ಗುಲಾಬಿ, ಒಂದಿಷ್ಟು ತಾವರೆ ಬೆರೆಸಿ, ಹತ್ತಿರ ಬಂದವರಿಗಷ್ಟೇ ತಿಳಿಯುವಂಥ ಮೆದುವಾದ ಸೆಂಟು ಮಾಡಿದಳು.

ರಿಜಿಸ್ಟ್ರಾರ್ ಆಫೀಸಿಗೆ ಹೊರಟ ಬೆಳಿಗ್ಗೆ ಅಕ್ಕ ಅದನ್ನು ಮಣಿಕಟ್ಟಿಗೆ ಹಚ್ಚಿಕೊಂಡು, ತಂಗಿ ಹೇಳಿದಷ್ಟು ಹೊತ್ತು ಕಾದು, ಮೂಸಿದಳು.

"ಚೆನ್ನಾಗಿದೆ. ಯಾರಿಗೆ ಮಾಡಿದ್ದು?"

"ಯಾರಿಗೆ ಅಂದ್ರೆ? ನಿಂಗೇ ಕಣೆ ಅಕ್ಕ."

ಅಕ್ಕ ಇನ್ನೊಮ್ಮೆ ಮೂಸಿದಳು. "ಇದು ನಿಂಗೆ ಅಡುಗೆ ಮಾಡಿ ಹಾಕ್ತಿದ್ದೋಳಿಗೆ ಮಾಡಿರೋದು ಪುಟ್ಟಿ. ನಂಗಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಬಾಟಲಿಯನ್ನು ಕನ್ನಡಿಯ ಮುಂದೆ ಇಟ್ಟು, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿದಳು.

ಸೆಂಟಮ್ಮ ಸಾಕ್ಷಿಯ ಸಹಿ ಹಾಕಿ ಬಂದವಳು ನಾಲ್ಕು ತಿಂಗಳು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಕೆಲಸ ಅಂದಳು, ನೆಗಡಿ ಅಂದಳು. ಕಳ್ಳನಿಗೊಂದು ಪಿಳ್ಳೆ ನೆವವಂತೆ. ಇವಳ ಹತ್ತಿರ ಹದಿನಾರಿದ್ದವು. ನಿಜ ಹೇಳಬೇಕೆಂದರೆ ಅವಳಿಗೆ ಭಯವಾಗಿತ್ತು. ಸಾಕಿದವಳನ್ನೇ ಅರಿಯದವಳು ಊರವರ ಗುಣ ಬರೆಯುವುದೇ ಎಂದು ಕೈ ತಡೆಯುತ್ತಿತ್ತು. ಗಿರಾಕಿಗಳನ್ನು ಹಿಂದಕ್ಕೆ ಕಳಿಸತೊಡಗಿದ್ದಳು.

ಕೊನೆಗೊಂದು ಭಾನುವಾರ ಮನಸ್ಸು ತಡೆಯದೆ ಬಸ್ಸು ಹತ್ತಿದಳು. ಬಾಗಿಲು ತೆಗೆದ ಅಕ್ಕ "ಬಂದ್ಯಾ ಮಹಾರಾಯ್ತಿ" ಎಂದು ಭುಜ ಹಿಡಿದು ಎಳೆದುಕೊಂಡಳು. ಸೆಂಟಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು.

ವಾಸನೆ ಬಂದಿತ್ತು. ಆಗತಾನೆ ಮುರಿದ ಹಸಿರು ದಂಟು, ಕಾದ ಇಸ್ತ್ರಿ, ಮೆಣಸಿನ ಘಾಟು. ಹಟ ಇತ್ತು, ತುಂಟತನ ಇತ್ತು, ವರ್ಷಗಟ್ಟಲೆ ಅದುಮಿಟ್ಟ ಆಸೆಗಳಿದ್ದವು. ಸಾಧುತನ ಮಾತ್ರ ಹುಡುಕಿದರೂ ಇರಲಿಲ್ಲ. ಬೇರೆ ಮನೆ, ಬೇರೆ ಸೋಪು, ಬೇರೆ ಮನುಷ್ಯನ ಜೊತೆ ನಾಲ್ಕು ತಿಂಗಳು ಕಳೆದ ಅಕ್ಕ ಅವಳಿಗೆ ಈಗ ಗಿರಾಕಿಗಳಷ್ಟೇ ಸ್ಪಷ್ಟವಾಗಿ ತಿಳಿಯುತ್ತಿದ್ದಳು. ಸೆಂಟಮ್ಮನಿಗೆ ಖುಷಿಯಾಯಿತು, ಹಿಂದೆಯೇ ಅಳು ಬಂತು.

"ಯಾಕೆ, ಏನಾಯ್ತು?"

"ನಿನ್ನ ವಾಸನೆ ಬರ್ತಿದೆ ಅಕ್ಕ."

ಅವಳ ಕಸುಬಿನ ಒಳಗುಟ್ಟೆಲ್ಲ ಗೊತ್ತಿದ್ದ ಅಕ್ಕನಿಗೆ ಅರ್ಥವಾಯಿತು. "ಅಂದ್ರೆ ನಾನಿನ್ನು ನಿನ್ನ ಮನೆಯೋಳಲ್ಲ."

ತಂಗಿ ಮೂಗು ಒರೆಸಿಕೊಳ್ಳುತ್ತಾ ಹೌದೆಂದು ತಲೆಯಾಡಿಸಿದಳು. ಅಕ್ಕನ ಕಣ್ಣೂ ಒದ್ದೆಯಾಗಿತ್ತು. ತೊಟ್ಟಿದ್ದ ಸ್ವೆಟರನ್ನು ಬಿಚ್ಚಿ, ನೀಟಾಗಿ ಮಡಚಿ ತಂಗಿಯ ಕೈಗಿಟ್ಟಳು.

"ಮೂರು ದಿನದಿಂದ ಹಾಕ್ಕೊಂಡಿದೀನಿ, ಒಗೆದಿಲ್ಲ. ನಂಗೊಂದು ಬಾಟ್ಲಿ ಬೇಕು."