ಕೆಲಸವಿಲ್ಲದ ಎಡಗಾಲು

ಆ ಬಡಾವಣೆಯಲ್ಲಿ ಗಾಡಿ ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವರ ಶಿಷ್ಯರೇ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಆದರೆ ಕ್ಲಚ್ಚು, ಗೇರು, ಬ್ರೇಕಿನ ವಿಷಯ ಬಂದರೆ ಅವರು ಹೇಳಿದ್ದಕ್ಕೆ ಎದುರಿರಲಿಲ್ಲ. ಕಲಿಯಲು ಬಂದವರಿಗೆಲ್ಲ ಮೊದಲ ಪಾಠ ಒಂದೇ: "ಪೆಡಲ್ಲು ದಿಂಬಲ್ಲ ಕಣಪ್ಪ, ಅದರ ಮೇಲೆ ಕಾಲು ಮಲಗಿಸ್ಬೇಡ."

ಮೂತ್ರಪಿಂಡದ ಆಸ್ಪತ್ರೆಯೊಂದಕ್ಕೆ ರೋಗಿಗಳನ್ನು ಮನೆಯಿಂದ ಕರೆತಂದು ಮತ್ತೆ ಮನೆ ಮುಟ್ಟಿಸುವ ಮಿನಿವ್ಯಾನು ಅವರ ಕೈಯಲ್ಲಿತ್ತು. ಬೆಳಗಿನ ಪಾಳಿ ಅವರದು, ಮಧ್ಯಾಹ್ನದ್ದು ಅಳಿಯನದು. ಅಳಿಯನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ಅವರೇ, ಮಗಳನ್ನು ಕೊಟ್ಟವರೂ ಅವರೇ, ಆ ಕೆಲಸ ಕೊಡಿಸಿದವರೂ ಅವರೇ. ಈ ಮೂರನ್ನೂ ಅವರು ಆಗಾಗ ನೆನಪಿಸುತ್ತಿದ್ದರು.

ಹಳೆಯ ವ್ಯಾನು ಮುದಿಯಾಗಿ, ಕ್ಲಚ್ಚೇ ಇಲ್ಲದ ಹೊಸ ಆಟೋಮ್ಯಾಟಿಕ್ ವ್ಯಾನು ಬಂತು. ಬಂದು ಸ್ವಲ್ಪ ಕಾಲಕ್ಕೇ ಬ್ರೇಕು ಕಿರುಗುಟ್ಟತೊಡಗಿತು. ಪ್ಯಾಡು ಸವೆದು ತಗಡಾಗಿತ್ತು. ಹೊಸದು ಹಾಕಿಸಿದರು, ಅದೂ ಬೇಗನೆ ಸವೆಯಿತು.

ಗ್ಯಾರೇಜು ನಡೆಸುತ್ತಿದ್ದವಳನ್ನು ಎಲ್ಲರೂ ಸ್ಪ್ಯಾನರ್ ಅಕ್ಕ ಅನ್ನುತ್ತಿದ್ದರು. ಅವಳು ವ್ಯಾನನ್ನು ಜಾಕಿನ ಮೇಲೆತ್ತಿ ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದಳು. ಬುಗುರಿಯಂತೆ ಸಲೀಸಾಗಿ ತಿರುಗಿದವು. ಪ್ಯಾಡು ಹಿಂದೆ ಮುಂದೆ ಸರಿಯಲು ಇರುವ ಪಿನ್ನುಗಳು ಜಾಮ್ ಆಗಿರಲಿಲ್ಲ. ಎಡಕ್ಕೂ ಬಲಕ್ಕೂ ಪ್ಯಾಡು ಸಮನಾಗಿ ಸವೆದಿತ್ತು, ಡಿಸ್ಕು ಕಾದು ನೀಲಿಗಟ್ಟಿತ್ತು.

"ಒಂದು ಕಡೆ ಮಾತ್ರ ಸವೆದಿದ್ರೆ ಗಾಡೀದು ತಪ್ಪು ಅಂತಿದ್ದೆ," ಅಂದಳು. "ಇಲ್ಲಿ ಬ್ರೇಕು ತಾನಾಗಿ ಹಿಡ್ಕೊಂಡಿಲ್ಲ ಮೇಷ್ಟ್ರೇ, ಯಾರೋ ಹಿಡ್ಕೊಂಡಿದ್ದಾರೆ."

ಯಾರೋ ಅಂದರೆ ಇನ್ಯಾರು? ಓಡಿಸುವವರು ಇಬ್ಬರೇ, ಅದರಲ್ಲಿ ಒಬ್ಬರು ಮೇಷ್ಟ್ರು.

ಮರುದಿನ ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಬಳಿ ಅವರು ಅಳಿಯನನ್ನು ತಡೆದರು. ರೋಗಿಗಳು ಬೆಂಚಿನ ಮೇಲೆ ಕೂತಿದ್ದರು, ಮ್ಯಾನೇಜರ್ ಬಾಗಿಲಲ್ಲಿದ್ದ.

"ಏನ್ ಅಳಿಯಂದ್ರೇ, ಬ್ರೇಕ್ ಮೇಲೆ ಕಾಲು ನೀಡ್ಕೊಂಡು ನಿದ್ದೆ ಹೊಡೀತೀರಾ? ಕೇಳಿದ್ರೆ ಗಾಡಿ ಸರಿಯಿಲ್ಲ ಅಂತೀರಿ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!"

ಬೆಂಚಿನ ಮೇಲೆ ಯಾರೋ ನಕ್ಕರು. ಅಳಿಯನ ಕಿವಿ ಕೆಂಪಗಾಯಿತು. "ಇಲ್ಲ ಮಾವ, ನಾನು..." ಎಂದು ಬಾಯಿ ತೆರೆದವನು ಮೇಷ್ಟ್ರ ಮುಖ ನೋಡಿ ಸುಮ್ಮನಾದ. ಮೇಷ್ಟ್ರ ಮಾತಿನ ಮೇಲೆ ಮ್ಯಾನೇಜರ್ ಆ ವಾರವೇ ಅವನನ್ನು ಕೆಲಸದಿಂದ ಬಿಡಿಸಿದ. ಅಳಿಯ ಸಿಮೆಂಟಿನ ಗೋದಾಮಿನಲ್ಲಿ ಮೂಟೆ ಹೊರಲು ಸೇರಿದ. ಮಗಳು ತಂದೆಗೆ ಫೋನ್ ಮಾಡುವುದನ್ನು ನಿಲ್ಲಿಸಿದಳು. ಎರಡೂ ಪಾಳಿ ಈಗ ಮೇಷ್ಟ್ರದೇ.

ಪ್ಯಾಡು ಮತ್ತೆ ಸವೆಯಿತು. ಈ ಸಲ ಮೊದಲಿಗಿಂತ ಬೇಗ.

ಮೇಷ್ಟ್ರು ಗ್ಯಾರೇಜಿಗೆ ಹೋಗಿ ದನಿ ಏರಿಸಿದರು. "ಇದೆಂಥ ಪ್ಯಾಡು ಹಾಕ್ತೀಯಮ್ಮ? ಬೇರೆ ಕಂಪನೀದು ಹಾಕು."

"ಯಾವ ಕಂಪನಿ ಆದ್ರೇನು, ಅಳಿಯ ಅಲ್ಲ ಮಗಳ ಗಂಡ," ಅಂದಳು ಸ್ಪ್ಯಾನರ್ ಅಕ್ಕ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಗಾದೆ ಮಾತು ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಒಂದು ಸುತ್ತು ಓಡ್ಸಿ, ನಾನು ಹಿಂದೆ ಸ್ಕೂಟರಲ್ಲಿ ಬರ್ತೀನಿ."

ದೊಡ್ಡ ರಸ್ತೆ ಸುತ್ತಿ ಬಂದು ಮೇಷ್ಟ್ರು ಗ್ಯಾರೇಜಿನ ಮುಂದೆ ವ್ಯಾನು ನಿಲ್ಲಿಸಿದರು. ಗೇರನ್ನು ಪಾರ್ಕಿಂಗಿಗೆ ಹಾಕಿ, ಬಾಗಿಲು ತೆರೆದು ಬಲಗಾಲನ್ನು ಹೊರಗಿಟ್ಟರು. "ನೋಡಿದ್ಯಾ? ಬ್ರೇಕ್ ಹಿಡಿದಿದ್ದು ಸಿಗ್ನಲ್ಲಲ್ಲಿ ಮಾತ್ರ."

ಅವಳು ಸ್ಕೂಟರಿನಿಂದ ಇಳಿಯಲಿಲ್ಲ. ವ್ಯಾನಿನ ಹಿಂಭಾಗವನ್ನೇ ನೋಡುತ್ತಿದ್ದಳು.

"ಇಲ್ಲಿಂದ ಹೊರಟಾಗ ಹತ್ತಿದ ಕೆಂಪು ದೀಪ ದಾರೀಲಿ ಆರಲೇ ಇಲ್ಲ ಮೇಷ್ಟ್ರೇ. ಈಗ ಬಲಗಾಲು ಆಚೆ ಇಟ್ಟಿದ್ದೀರಿ. ಈಗ್ಲೂ ಉರೀತಿದೆ."

ಮೇಷ್ಟ್ರು ಬಗ್ಗಿ ನೋಡಿದರು. ಅವರ ಎಡಗಾಲಿನ ಚಪ್ಪಲಿ ಬ್ರೇಕ್ ಪೆಡಲ್ಲಿನ ಅಂಚಿನ ಮೇಲೆ ಹಾಯಾಗಿ ಮಲಗಿತ್ತು. ಆಯುಸ್ಸೆಲ್ಲ ಕ್ಲಚ್ಚು ತುಳಿದ ಕಾಲು ಅದು. ಕ್ಲಚ್ಚು ಹೋದ ಮೇಲೂ ತನ್ನ ಜಾಗ ಹುಡುಕಿ, ಅಲ್ಲಿ ಸಿಕ್ಕ ಅಗಲವಾದ ಪೆಡಲ್ಲನ್ನೇ ತನ್ನದು ಮಾಡಿಕೊಂಡಿತ್ತು. ಒತ್ತಿದ್ದು ಅವರಿಗೇ ಗೊತ್ತಾಗದಷ್ಟು ಹಗುರಾಗಿ, ಆದರೆ ದಾರಿಯುದ್ದಕ್ಕೂ ಒತ್ತಿತ್ತು. ಯಾರದೋ ಕಾಲನ್ನು ಎತ್ತುವಂತೆ ಅವರು ಅದನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟರು.

ಸ್ಪ್ಯಾನರ್ ಅಕ್ಕ ಇಳಿದು ಸ್ಕೂಟರನ್ನು ಗ್ಯಾರೇಜಿನೊಳಗೆ ತಳ್ಳಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಮೇಷ್ಟ್ರು ನೇರ ಗೋದಾಮಿಗೆ ಹೋದರು. ಅಳಿಯನ ರೆಪ್ಪೆಯ ಮೇಲೂ ಸಿಮೆಂಟಿನ ಪುಡಿ ಕೂತಿತ್ತು. ಮಾವನನ್ನು ಕಂಡವನೇ ಅವನು ಹೆಗಲ ಮೇಲಿನ ಮೂಟೆ ಇಳಿಸಿ ಕೈ ಒರೆಸಿಕೊಂಡ. "ಏನ್ ಮಾವ, ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?"

"ನೀನಲ್ಲ ಕಣೋ. ನಾನು. ನನ್ನ ಎಡಗಾಲು," ಅಂದರು ಮೇಷ್ಟ್ರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅಷ್ಟೇ ಉಳಿದಿತ್ತು.

ಅಳಿಯ ನೆಲ ನೋಡಿದ. "ಗೊತ್ತಿತ್ತು ಮಾವ."

"ಏನು?"

"ಒಂದ್ಸಲ ಬಸ್ಸಲ್ಲಿ ನಿಮ್ಮ ಗಾಡಿ ಹಿಂದೇನೇ ಬಂದೆ. ದೀಪ ಉರೀತಾನೇ ಇತ್ತು. ಆವತ್ತು ಗೇಟಲ್ಲಿ ಹೇಳೋಣ ಅಂತ ಬಾಯಿಗೆ ಬಂದಿತ್ತು. ಅಷ್ಟು ಜನರ ಮುಂದೆ ಮೇಷ್ಟ್ರದೇ ತಪ್ಪು ಅಂತ ಹೇಗ್ ಹೇಳ್ಲಿ?"

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾವು ಜನರ ಮುಂದೆ ಅವನ ಮಾನ ಕಳೆಯುತ್ತಿದ್ದಾಗ, ಅವನು ಅದೇ ಜನರ ಮುಂದೆ ತಮ್ಮ ಮಾನ ಕಾಯುತ್ತಾ ನಿಂತಿದ್ದ.

"ನಾಳೆ ಬೆಳಿಗ್ಗೆ ಗೇಟಿನ ಹತ್ರ ಬಾ."

"ಬೇಡ ಮಾವ. ಮ್ಯಾನೇಜರಿಗೆ ಒಳಗೆ ಹೇಳಿದ್ರೆ ಸಾಕು."

"ಬೈದಿದ್ದು ಒಳಗಲ್ಲವಲ್ಲ."

ಮರುದಿನ ಬೆಂಚು ತುಂಬಿತ್ತು. ಅಳಿಯ ದೂರದಲ್ಲಿ, ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ. ಮೇಷ್ಟ್ರು ಮ್ಯಾನೇಜರನನ್ನು ಹೊರಗೆ ಕರೆದರು. ರಸ್ತೆಯ ಆ ತುದಿಗೆ ಕೇಳುವಂತೆ ಪಾಠ ಹೇಳುತ್ತಿದ್ದವರು ಇಂದು ದನಿ ತಗ್ಗಿಸಿದರು. "ಬ್ರೇಕು ಸವೆಸಿದ್ದು ನಾನು," ಎಂದರು.

ಬೆಂಚಿನ ತುದಿಯಲ್ಲಿ ಕೂತಿದ್ದ ಕಿವಿ ಮಂದವಾದ ಅಜ್ಜಿ ಮುಂದಕ್ಕೆ ಬಾಗಿದಳು. "ಏನಂತೆ? ಆ ಹುಡುಗ ಮತ್ತೆ ಏನ್ ಹಾಳ್ಮಾಡಿದ್ನಂತೆ? ಜೋರಾಗಿ ಹೇಳಪ್ಪ, ಕೇಳಿಸ್ಲಿಲ್ಲ."

ಯಾರೂ ಅವಳಿಗೆ ತಿಳಿಸಿ ಹೇಳಲಿಲ್ಲ. ಎಲ್ಲರೂ ಮೇಷ್ಟ್ರನ್ನೇ ನೋಡುತ್ತಿದ್ದರು. ಗೋಡೆಯ ಬಳಿಯಿಂದ ಅಳಿಯ "ಸಾಕು ಮಾವ" ಎಂಬಂತೆ ಕೈ ಆಡಿಸಿದ.

ಮೇಷ್ಟ್ರು ಅಜ್ಜಿಯ ಹತ್ತಿರ ಹೋಗಿ ಬಗ್ಗಿ, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದರು: "ಅವನದೇನೂ ತಪ್ಪಿಲ್ಲ ಅಜ್ಜಿ! ತಪ್ಪು ನಂದು! ಕಲಿಸಿದವನಿಗೇ ಓಡ್ಸೋಕೆ ಬರಲಿಲ್ಲ!"

"ಹಾಗಾದ್ರೆ ಆವತ್ತು ಅವನನ್ನ ಯಾಕೆ ಬೈದೆ?" ಅಂದಳು ಅಜ್ಜಿ.

ಮೇಷ್ಟ್ರು ಜೇಬಿನಿಂದ ವ್ಯಾನಿನ ಕೀಲಿ ತೆಗೆದರು. ಅದನ್ನು ಮ್ಯಾನೇಜರನ ಕೈಗೆ ಕೊಡದೆ, ಗೋಡೆಯ ಬಳಿ ನಿಂತಿದ್ದವನತ್ತ ನಡೆದರು. ತಲೆ ಎತ್ತಿ ಅವನ ಮುಖ ನೋಡಲು ಮಾತ್ರ ಅವರಿಂದ ಆಗಲಿಲ್ಲ.