ಸೂಜಿಯಕ್ಕ ಚುಚ್ಚದ ಮೇಕೆ

ಊರಿನ ಮೇಕೆಗಳಿಗೆ ಲಸಿಕೆ ಹಾಕುವವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಪಶುವೈದ್ಯರಿದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿಯಾಚೆ. ಅವರೇ ಇವಳಿಗೆ ಕೆಲಸ ಕಲಿಸಿ, ಐಸ್ ಡಬ್ಬ, ಥರ್ಮಾಮೀಟರ್ ಕೊಟ್ಟು ಕಳಿಸಿದ್ದರು. ಮೊದಮೊದಲು ಇವಳು ಮೇಕೆಯ ಬಾಲ ಎತ್ತಿ ಜ್ವರ ನೋಡುವುದನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ, ನಕ್ಕವರ ಮೇಕೆಗಳೂ ಬದುಕಿಕೊಂಡವು! ಮೂರು ವರ್ಷದಲ್ಲಿ ಅವಳ ಮಾತು ಊರಲ್ಲಿ ನಡೆಯತೊಡಗಿತು.

ನಡೆಯದಿದ್ದದ್ದು ಪಕ್ಕದ ಮನೆಯಲ್ಲಿ ಮಾತ್ರ. ಅಲ್ಲಿದ್ದವಳು ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. "ನಿನ್ನೆ ಮೊನ್ನೆ ಬಂದವಳು ನನಗೆ ಮೇಕೆ ಸಾಕೋದು ಹೇಳಿಕೊಡ್ತಾಳಂತೆ!" ಎಂದು ಮೂಗು ಮುರಿಯುತ್ತಿದ್ದಳು. ಆದರೆ ಹಿಂದಿನ ಬೀದಿಯಲ್ಲಿ ಮೇಕೆಗಳು ಒಂದೊಂದಾಗಿ ಸಾಯತೊಡಗಿದಾಗ ಅವಳ ಎದೆಯೂ ಝಲ್ಲೆಂದಿತು. ಲಸಿಕೆಯ ದಿನ ಬೆಳಗ್ಗೆಯೇ ತನ್ನ ಮೂರು ಮೇಕೆಗಳನ್ನು ಹಿಡಿದು ಸಾಲಿನಲ್ಲಿ ನಿಂತಳು.

ಎರಡಕ್ಕೆ ಜ್ವರವಿರಲಿಲ್ಲ, ಚುಚ್ಚಿದ್ದಾಯಿತು. ಮೂರನೆಯದು ಹಾಲು ಕೊಡುವ ಕಪ್ಪು ಮೇಕೆ, ಆ ಮನೆಯ ಜೀವ. ಅದಕ್ಕೆ ನೂರಾ ಆರು ಡಿಗ್ರಿ.

"ಅಕ್ಕ, ಇದಕ್ಕೆ ಆಗಲೇ ರೋಗ ಹಿಡಿದಿದೆ. ಇನ್ನು ಲಸಿಕೆ ಕೆಲಸ ಮಾಡಲ್ಲ. ಬೇರೆ ಕಟ್ಟಿ ಹಾಕಿ, ಸಂಜೆ ಔಷಧಿ ತರ್ತೀನಿ."

"ಊರಿಗೆಲ್ಲ ಚುಚ್ತೀಯ, ನನ್ನ ಮೇಕೆಗೆ ಕೈ ಬರಲ್ವಾ? ಹಳೇ ಸೇಡು ತೀರಿಸ್ಕೋತಿದ್ದೀಯ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೂಜಿಯಕ್ಕ ಕೈಯಲ್ಲಿದ್ದ ಸೂಜಿಯನ್ನು ನೋಡಿದಳು. ಒಂದು ಚುಚ್ಚಿಬಿಟ್ಟರೆ ಆ ಬಾಯಿ ಇಲ್ಲೇ ಮುಚ್ಚುತ್ತದೆ. ಆದರೆ ಚುಚ್ಚಿದ ಮೇಕೆ ನಾಳೆ ಸತ್ತರೆ? ಇಷ್ಟು ಜನರಲ್ಲಿ ಒಬ್ಬರೂ ಮತ್ತೆ ಮೇಕೆ ತರುವುದಿಲ್ಲ.

"ಎಷ್ಟು ಬೇಕಾದ್ರೂ ಬೈಕೊಳ್ಳಿ ಅಕ್ಕ, ನಾನು ಚುಚ್ಚಲ್ಲ," ಎಂದಳು.

ಸಂಜೆ ಔಷಧಿ ಹಿಡಿದು ಹೋದಾಗ ವಾರಗಿತ್ತಿ ಮುಖ ತಿರುಗಿಸಿಕೊಂಡಳು, ಬಾಗಿಲು ಮಾತ್ರ ಹಾಕಲಿಲ್ಲ. ಔಷಧಿ ಕೊಟ್ಟು, ನೀರು ಕುಡಿಸಿ, ಮೇಕೆಯ ಪಕ್ಕದಲ್ಲೇ ಕೂತಿದ್ದು ಬಂದದ್ದಾಯಿತು. ಏನು ಮಾಡಿದರೂ ಅಷ್ಟೇ. ಮರುದಿನ ಮಧ್ಯಾಹ್ನ ಮೇಕೆ ಸತ್ತಿತು.

ಸೂಜಿಯಕ್ಕ ಪಾತ್ರೆ ತಿಕ್ಕುತ್ತಿದ್ದಾಗ ವಾರಗಿತ್ತಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಇನ್ನು ರಾಮಾಯಣ ಶುರು ಎಂದುಕೊಂಡು ಸೂಜಿಯಕ್ಕ ಕೈ ಒರೆಸಿಕೊಂಡು ಎದ್ದಳು.

"ಹೋಯ್ತು ಕಣೇ," ಎಂದಳು ವಾರಗಿತ್ತಿ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿನ್ನೆ ನೀನು ಚುಚ್ಚಿದ್ದಿದ್ರೆ, ಸೂಜಿಯಿಂದಲೇ ಸತ್ತಿತು ಅಂತ ಊರೆಲ್ಲ ಸಾರಿಕೊಂಡು ಬರ್ತಿದ್ದೆ. ನನ್ನ ಬಾಯಿ ನನಗೆ ಗೊತ್ತಿಲ್ವಾ?"

ಸೂಜಿಯಕ್ಕನಿಗೂ ಅಳು ತಡೆಯಲಾಗಲಿಲ್ಲ.

"ಅಳೋದು ಆಮೇಲೆ," ಎಂದಳು ವಾರಗಿತ್ತಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಮೊದಲು ಬಾ, ಉಳಿದೆರಡನ್ನ ನೋಡು."